ಮೂವತ್ತು, ಹದಿನೈದು ಸೇರಿ ನಲವತ್ತೇಕೆ? ಅಂಗವೈಕಲ್ಯದ ಅರ್ಜಿ ತುಂಬಿಕೊಡುವವರಿಗೊಂದು ಲೆಕ್ಕ

ನಮಸ್ಕಾರ. ತಮ್ಮ ಊರಿನ ವಿಕಲಚೇತನರಿಗೆ ಸರ್ಕಾರಿ ಸೌಲಭ್ಯಗಳ ಅರ್ಜಿ ತುಂಬಿಕೊಡುವ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳುಹಿಸಿದ್ದಾರೆ. ಒಬ್ಬರ ಕಾಲಿನ ವೈಕಲ್ಯಕ್ಕೆ ಶೇ. 30, ಕಿವಿಯ ದೋಷಕ್ಕೆ ಶೇ. 15 ಎಂದು ವೈದ್ಯರು ಅಳೆದಿದ್ದರೆ ಒಟ್ಟು ಶೇ. 45 ಆಗಬೇಕಲ್ಲವೇ, ಪ್ರಮಾಣಪತ್ರದಲ್ಲಿ ಶೇ. 40 ಎಂದೇಕೆ ಬಂತು?

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯಲ್ಲಿ ತಪಾಸಣೆ ಮುಗಿದ ಮೇಲೆ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ದೊರೆಯುತ್ತವೆ. ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುವುದು ಶೇ. 40ರಿಂದ.

[ಪರದೆಯ ಮೇಲೆ: ಎ + ಬಿ × (90 − ಎ) ÷ 90]

ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿರುವ ಈ ಸೂತ್ರವೇ ಪ್ರಶ್ನೆಗೆ ಉತ್ತರ. ಎರಡು ವೈಕಲ್ಯಗಳಲ್ಲಿ ದೊಡ್ಡ ಅಂಕಿ ಎ, ಚಿಕ್ಕದು ಬಿ. 90 ಲೀಟರಿನ ಒಂದು ಹಂಡೆಯನ್ನು ಊಹಿಸಿಕೊಳ್ಳಿ. ಮೊದಲ ವೈಕಲ್ಯ 30 ಲೀಟರಿನಷ್ಟು ಜಾಗವನ್ನು ತುಂಬಿತು, 60 ಉಳಿಯಿತು. ಎರಡನೆಯದು ಇಡೀ ಹಂಡೆಯ ಮೇಲೆ ಹಕ್ಕು ಸಾಧಿಸುವಂತಿಲ್ಲ. ಉಳಿದ ಜಾಗದಲ್ಲಿ ಮಾತ್ರ ತನ್ನ ಪಾಲನ್ನು ಪಡೆಯಬೇಕು. 15 ಎಂಬುದು 90ರಲ್ಲಿ ಆರನೆಯ ಒಂದು ಭಾಗ, ಆದ್ದರಿಂದ ಅದಕ್ಕೆ ಸಿಗುವುದು 60ರಲ್ಲಿ ಆರನೆಯ ಒಂದು ಭಾಗ, ಅಂದರೆ 10. ಮೂವತ್ತಕ್ಕೆ ಹತ್ತು ಸೇರಿ ನಲವತ್ತು. ಇದೇ ರೀತಿಯಲ್ಲಿ 50 ಮತ್ತು 40 ಸೇರಿದರೆ 90 ಆಗದೆ 68ರ ಆಸುಪಾಸಿಗೆ ನಿಲ್ಲುತ್ತದೆ.

ಐದು ಅಂಕಿ ಕಡಿಮೆಯಾಯಿತಲ್ಲ ಎಂದು ಆ ವೀಕ್ಷಕರು ಬೇಸರಪಟ್ಟಿದ್ದಾರೆ. ನನಗೆ ಕಂಡ ಮುಖ್ಯ ಸಂಗತಿಯೇ ಬೇರೆ. ಕಾಲಿನ ವೈಕಲ್ಯವೊಂದನ್ನೇ ಅರ್ಜಿಯಲ್ಲಿ ನಮೂದಿಸಿದ್ದರೆ ಆ ವ್ಯಕ್ತಿ ಶೇ. 30ರಲ್ಲಿಯೇ ಉಳಿದು, ಮಾಸಾಶನಕ್ಕೆ ಅರ್ಜಿ ಹಾಕುವ ಅರ್ಹತೆಯನ್ನೂ ಪಡೆಯುತ್ತಿರಲಿಲ್ಲ. ಅವರನ್ನು ಗೆರೆ ದಾಟಿಸಿದ್ದು ಕಿವಿಯ ದೋಷ. ವಯಸ್ಸಾದವರು ಕಿವಿ ಮಂದವಾಗಿರುವುದನ್ನು ಅಂಗವೈಕಲ್ಯವೆಂದು ಭಾವಿಸುವುದೇ ಕಡಿಮೆ, ಆದ್ದರಿಂದ ತಾವಾಗಿ ಹೇಳುವುದೂ ಇಲ್ಲ. ಕೀಲಿಮಣೆ ಒತ್ತುವ ಕೆಲಸವನ್ನು ಯಾವ ಸೈಬರ್ ಕೇಂದ್ರದವರಾದರೂ ಮಾಡಿಯಾರು. ಪಕ್ಕದಲ್ಲಿ ಕುಳಿತು, ಎರಡೂ ಕಣ್ಣು ಸರಿಯಾಗಿ ಕಾಣುತ್ತವೆಯೇ, ಹಿಂದಿನಿಂದ ಕರೆದರೆ ಕೇಳಿಸುತ್ತದೆಯೇ ಎಂದು ಸಮಾಧಾನದಿಂದ ವಿಚಾರಿಸುವ ಕೆಲಸವೇ ಸ್ವಯಂಸೇವಕರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ರೋಗವನ್ನು ನಿರ್ಣಯಿಸುವವರು, ಅಂಕಿಯನ್ನು ನೀಡುವವರು ವೈದ್ಯರೇ. ಅವರ ಮುಂದೆ ಎರಡನೆಯ ತೊಂದರೆಯ ವಿಷಯವೂ ಬರುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ಸಮಯ ಕಡಿಮೆಯಿರುವುದರಿಂದ ಉಳಿದವುಗಳನ್ನು ಒಟ್ಟಿಗೆ ಹೇಳುತ್ತೇನೆ. ಅರ್ಜಿಯಲ್ಲಿ ನಿಮ್ಮ ಮೊಬೈಲ್ ಸಂಖ್ಯೆಯನ್ನು ಕೊಡಬೇಡಿ. ಮುಂದೆ ಕಾರ್ಡ್ ಪಡೆಯಲು ಬೇಕಾದ ಒಟಿಪಿ ನಿಮಗೆ ಬರುತ್ತದೆ, ಅವರು ನಿಮ್ಮನ್ನು ಹುಡುಕುತ್ತಾ ಅಲೆಯಬೇಕಾಗುತ್ತದೆ. ಆಧಾರ್‌ನಲ್ಲಿರುವ ಹೆಸರು ಬ್ಯಾಂಕ್ ಪಾಸ್‌ಬುಕ್ಕಿನ ಹೆಸರಿಗೆ ಹೊಂದುತ್ತದೆಯೇ ಎಂದು ಮೊದಲೇ ನೋಡಿ. ಕಾರ್ಡ್ ಬಂದರೆ ಮಾಸಾಶನ ತಾನಾಗಿಯೇ ಬರುವುದಿಲ್ಲ. ಕರ್ನಾಟಕದಲ್ಲಿ ಅದಕ್ಕೆ ನಾಡಕಚೇರಿಯಲ್ಲಿ ಬೇರೆ ಅರ್ಜಿ ಸಲ್ಲಿಸಬೇಕು. ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗಿನ ರಿಯಾಯಿತಿ ಬಸ್ ಪಾಸಿಗೂ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಪ್ರತ್ಯೇಕ ಅರ್ಜಿಯಿದೆ. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಭೇಟಿಯಾಗಿ, ಏಕೆಂದರೆ ಸ್ವತಃ ವಿಕಲಚೇತನರೇ ಆಗಿರುವ ಅವರಿಗೆ ಮನೆಮನೆಯ ಪರಿಚಯವಿರುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಅಥವಾ ಬಹುವಿಧ ವೈಕಲ್ಯ ಇರುವವರ ಮನೆಯವರಿಗೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯ ವಿಷಯ ತಿಳಿಸಿ. ಅದರ ಮಿತಿ ವರ್ಷಕ್ಕೆ 1 ಲಕ್ಷ ರೂಪಾಯಿ.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ವೈದ್ಯಕೀಯ ಪ್ರಾಧಿಕಾರದ ತೀರ್ಮಾನ ಒಪ್ಪಿಗೆಯಾಗದವರಿಗೆ 2016ರ ಕಾಯ್ದೆಯ 59ನೇ ಕಲಂ ಮೇಲ್ಮನವಿಯ ಹಕ್ಕು ಕೊಟ್ಟಿದೆ, ಮತ್ತು ಆ ಮೇಲ್ಮನವಿಗೆ ಲಗತ್ತಿಸಬೇಕಾದದ್ದು ಅದೇ ಪತ್ರ.