ಮೊದಲು ಯಂತ್ರವನ್ನು ನೋಡಿ, ಆಮೇಲೆ ಲಿನಕ್ಸ್ ಆರಿಸಿ

ಮಾನ್ಯ ಕೇಳುಗರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಸಾಕಷ್ಟು ಹೊಸ ಪ್ರೊಸೆಸರನ್ನೂ ಬಯಸುವುದರಿಂದ, ಇನ್ನೂ ಗಟ್ಟಿಮುಟ್ಟಾಗಿ ಕೆಲಸ ಮಾಡುತ್ತಿರುವ ಎಷ್ಟೋ ಕಂಪ್ಯೂಟರುಗಳಿಗೆ ಅದನ್ನು ಹಾಕಿಕೊಳ್ಳುವ ದಾರಿಯಿಲ್ಲ. ಅಂಥ ಯಂತ್ರವನ್ನು ಮೂಲೆಗೆ ಹಾಕಲು ಮನಸ್ಸು ಬಾರದೆ, ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಕಡೆಗೆ ತಿರುಗಿದವರು ಮೊಟ್ಟಮೊದಲು ಕೇಳುವ ಪ್ರಶ್ನೆ, ‘ಯಾವ ಲಿನಕ್ಸ್ ಹಾಕಿಕೊಳ್ಳಲಿ?’ ಎಂಬುದು. ಇದಕ್ಕೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಎಲ್ಲರೂ ತಮತಮಗೆ ಒಗ್ಗಿದ್ದನ್ನೇ ಹೇಳುವುದರಿಂದ ಕೇಳಿದವರ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ನನ್ನ ಅಭಿಪ್ರಾಯದಲ್ಲಿ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ನನ್ನ ಕಂಪ್ಯೂಟರಿನೊಳಗೆ ಏನೇನಿದೆ, ಮತ್ತು ಅದು ಎಷ್ಟು ಹಳೆಯದು? ಇದಕ್ಕೆ ಉತ್ತರ ಸಿಕ್ಕಿತೆಂದರೆ, ಯಾವ ಲಿನಕ್ಸ್ ಎಂಬುದು ಮುಕ್ಕಾಲುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಕರ್ನಲ್ ಇಂದಿನ ಎಲ್ಲ ಲಿನಕ್ಸ್ ವಿತರಣೆಗಳಿಗೂ ತಳಹದಿ. ಪ್ರೊಸೆಸರ್, ಡಿಸ್ಕ್, ವೈಫೈ, ಧ್ವನಿ, ಪರದೆ ಇವುಗಳೊಂದಿಗೆ ನೇರವಾಗಿ ವ್ಯವಹರಿಸುವುದು ಈ ಕರ್ನಲ್. ಅದರ ಜೊತೆಗೆ ಸಾವಿರಾರು ತಂತ್ರಾಂಶಗಳನ್ನು ಕೂಡಿಸಿ, ಒಂದಕ್ಕೊಂದು ಹೊಂದುವಂತೆ ಪರೀಕ್ಷಿಸಿ, ವರ್ಷಗಟ್ಟಲೆ ತಿದ್ದುಪಡಿಗಳನ್ನು ಒದಗಿಸುವ ಸಮುದಾಯದ ಅಥವಾ ಸಂಸ್ಥೆಯ ಕೆಲಸವೇ ವಿತರಣೆ. ಬಳಕೆದಾರರ ಮಾತಿನಲ್ಲಿ ಡಿಸ್ಟ್ರೋ. 1993ರಲ್ಲಿ ಆರಂಭವಾದ ಡೆಬಿಯನ್, ಅದನ್ನು ಆಧರಿಸಿ 2004ರಲ್ಲಿ ಬಂದ ಉಬುಂಟು, ಉಬುಂಟುವನ್ನು ಆಧರಿಸಿ 2006ರಲ್ಲಿ ಬಂದ ಲಿನಕ್ಸ್ ಮಿಂಟ್, 2003ರಿಂದ ಇರುವ ಫೆಡೋರಾ, ಇವೆಲ್ಲ ಹೊರನೋಟಕ್ಕೆ ಎಷ್ಟೇ ಬೇರೆಯಾಗಿ ಕಂಡರೂ ಒಂದೇ ಕರ್ನಲ್‌ನ ಬೇರೆ ಬೇರೆ ಆವೃತ್ತಿಗಳ ಮೇಲೆ ನಿಂತಿವೆ. ಆದ್ದರಿಂದ ಒಂದು ವಿತರಣೆಯಲ್ಲಿ ನಡೆಯುವ ವೈಫೈ ಇನ್ನೊಂದರಲ್ಲಿ ನಡೆಯದಿದ್ದರೆ, ಸಾಮಾನ್ಯವಾಗಿ ಆ ವಿತರಣೆಯ ಕರ್ನಲ್ ಹಳೆಯದಾಗಿರುತ್ತದೆ, ಇಲ್ಲವೇ ಬೇಕಾದ ಫರ್ಮ್‌ವೇರ್ ಕಡತ, ಅಂದರೆ ಆ ಸಾಧನದೊಳಗೇ ನಡೆಯುವ ಸಣ್ಣ ತಂತ್ರಾಂಶ, ಅದರ ಜೊತೆಗೆ ಬಂದಿರುವುದಿಲ್ಲ.

ವಿಂಡೋಸ್‌ನಿಂದ ಬಂದವರಿಗೆ ಇಲ್ಲಿ ಒಂದು ಅಭ್ಯಾಸ ಬದಲಾಗಬೇಕು. ಅಲ್ಲಿ ಹೊಸ ಸಾಧನ ತಂದರೆ ತಯಾರಕರ ಜಾಲತಾಣಕ್ಕೆ ಹೋಗಿ ಡ್ರೈವರ್, ಅಂದರೆ ಆ ಸಾಧನವನ್ನು ನಡೆಸುವ ತಂತ್ರಾಂಶ, ಇಳಿಸಿಕೊಳ್ಳುವುದು ರೂಢಿ. ಲಿನಕ್ಸ್‌ನಲ್ಲಿ ಬಹುತೇಕ ಡ್ರೈವರುಗಳು ಕರ್ನಲ್‌ನ ಭಾಗವಾಗಿಯೇ ಬರುತ್ತವೆ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಕರ್ನಲ್ ಹೊರಬರುತ್ತದೆ, ಮತ್ತು ಪ್ರತಿ ಬಾರಿಯೂ ಹೊಸ ಯಂತ್ರಾಂಶಗಳ ಬೆಂಬಲ ಅದಕ್ಕೆ ಸೇರುತ್ತದೆ. ಹೀಗಿರುವಾಗ ಈ ವರ್ಷ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪಿನ ವೈಫೈ ಚಿಪ್ಪನ್ನು ಎರಡು ವರ್ಷ ಹಿಂದಿನ ಕರ್ನಲ್ ಗುರುತಿಸದಿದ್ದರೆ ಆಶ್ಚರ್ಯವಿಲ್ಲ. ಅದು ಬರೆಯಲ್ಪಟ್ಟಾಗ ಆ ಚಿಪ್ಪು ಹುಟ್ಟಿರಲೇ ಇಲ್ಲ.

ಆದ್ದರಿಂದ ನಾನು ಹೊಸಬರಿಗೆ ಹೇಳುವುದು ಹೀಗೆ. ನಿಮ್ಮ ಯಂತ್ರಕ್ಕೆ ಎರಡು ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ವಯಸ್ಸಾಗಿದ್ದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟುವಿನ ಎಲ್‌ಟಿಎಸ್ ಆವೃತ್ತಿಯನ್ನು ಆರಿಸಿಕೊಳ್ಳಿ. ಎಲ್‌ಟಿಎಸ್ ಎಂಬ ದೀರ್ಘಕಾಲದ ಆವೃತ್ತಿ ಎರಡು ವರ್ಷಗಳಿಗೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಮತ್ತು ಐದು ವರ್ಷ ಅದಕ್ಕೆ ಭದ್ರತಾ ತಿದ್ದುಪಡಿಗಳು ಸಿಗುತ್ತವೆ. ಮಿಂಟ್ 22ರ ಸರಣಿಯು 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04ನ್ನು ಆಧರಿಸಿದ್ದು, 2029ರವರೆಗೆ ಬೆಂಬಲ ಪಡೆಯುತ್ತದೆ. ಯಂತ್ರ ತೀರಾ ಹೊಸದಾಗಿದ್ದರೆ ಮೊದಲು ಫೆಡೋರಾವನ್ನು ನೋಡಿ. ಅದು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುತ್ತದೆ, ನಡುವೆಯೂ ಹೊಸ ಕರ್ನಲ್‌ಗಳನ್ನು ಕೊಡುತ್ತದೆ. ಆದರೆ ಒಂದೊಂದು ಆವೃತ್ತಿಯ ಆಯುಸ್ಸು ಸುಮಾರು ಹದಿಮೂರು ತಿಂಗಳು ಮಾತ್ರವಾದ್ದರಿಂದ ವರ್ಷಕ್ಕೊಮ್ಮೆಯಾದರೂ ಮೇಲ್ದರ್ಜೆಗೆ ಏರಿಸಿಕೊಳ್ಳುವ ಶ್ರದ್ಧೆ ಬೇಕು. ಆರ್ಚ್ ಲಿನಕ್ಸ್ ಉತ್ತಮ ವಿತರಣೆ, ಅದರ ವಿಕಿಯಲ್ಲಿರುವ ದಾಖಲೆಗಳು ಯಾವ ಲಿನಕ್ಸ್ ಬಳಸುವವರಿಗೂ ಉಪಯುಕ್ತ. ಆದರೂ ಮೊದಲ ಲಿನಕ್ಸ್ ಆಗಿ ಅದನ್ನು ನಾನು ಸೂಚಿಸಲಾರೆ. ಡೆಬಿಯನ್ ವಿಷಯದಲ್ಲಿ ಒಂದು ಹಳೆಯ ಭಯ ಇನ್ನೂ ಉಳಿದುಕೊಂಡಿದೆ. ಮುಕ್ತವಲ್ಲದ, ಅಂದರೆ ಮೂಲ ಸಂಕೇತ ಬಹಿರಂಗವಾಗಿಲ್ಲದ, ಫರ್ಮ್‌ವೇರನ್ನು ಅದು ಹಿಂದೆ ತನ್ನ ಅಧಿಕೃತ ಅನುಸ್ಥಾಪಕದಲ್ಲಿ ಇಡುತ್ತಿರಲಿಲ್ಲವಾದ್ದರಿಂದ ಹೊಸಬರ ವೈಫೈ ಮೊದಲ ಹೆಜ್ಜೆಯಲ್ಲೇ ಕೈಕೊಡುತ್ತಿತ್ತು. 2022ರಲ್ಲಿ ಸಮುದಾಯವು ಮತದಾನದ ಮೂಲಕ ಈ ನಿಯಮವನ್ನು ಬದಲಿಸಿತು, 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಆ ಫರ್ಮ್‌ವೇರ್ ಜೊತೆಗೇ ಬರುತ್ತಿದೆ.

ಹಳೆಯ ಯಂತ್ರವೆಂದೊಡನೆ ‘ಹಗುರವಾದ ಲಿನಕ್ಸ್’ ಹುಡುಕಿ ಹೊರಡುವವರಿಗೆ ಒಂದು ಮಾತು. ನಾಲ್ಕು ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿಗೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಆವೃತ್ತಿ ಒಪ್ಪುತ್ತದೆ ಎಂಬುದು ನಿಜ. ಆದರೆ ನೆನಪಿನ ಬಹುಪಾಲನ್ನು ತಿನ್ನುವುದು ಬ್ರೌಸರ್, ಮತ್ತು ಅದು ಎಲ್ಲ ವಿತರಣೆಗಳಲ್ಲೂ ಹೆಚ್ಚುಕಡಿಮೆ ಅಷ್ಟನ್ನೇ ತಿನ್ನುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿದರೆ ಆಗುವ ಲಾಭ, ಹತ್ತು ವಿತರಣೆಗಳನ್ನು ಬದಲಿಸಿದರೂ ಆಗುವುದಿಲ್ಲ.

ಇನ್ನು ಆರಿಸಿದ ವಿತರಣೆ ನಿಮ್ಮ ಯಂತ್ರಕ್ಕೆ ಒಗ್ಗುತ್ತದೆಯೇ ಎಂದು ತಿಳಿಯಲು ಯಾರ ಮಾತನ್ನೂ ನಂಬಬೇಕಾಗಿಲ್ಲ. ಇಡೀ ವಿತರಣೆಯನ್ನು ಒಳಗೊಂಡ ಐಎಸ್‌ಒ ಕಡತವನ್ನು ಇಳಿಸಿಕೊಂಡು, ಕಡತ ಕೆಡದೆ ಬಂದಿದೆಯೆಂದು ತಿಳಿಸುವ ಚೆಕ್‌ಸಮ್ ಎಂಬ ಗುರುತು ಸರಿಯಿದೆಯೇ ಎಂದು ನೋಡಿ, ರೂಫಸ್ ಅಥವಾ ಎಚರ್‌ನಂಥ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆದು, ಆ ಪೆನ್‌ಡ್ರೈವಿನಿಂದಲೇ ಕಂಪ್ಯೂಟರನ್ನು ಆರಂಭಿಸಿದರೆ, ಡಿಸ್ಕಿನಲ್ಲಿ ಏನನ್ನೂ ಬದಲಿಸದೆ ಇಡೀ ವ್ಯವಸ್ಥೆ ನಿಮ್ಮ ಕಣ್ಣ ಮುಂದೆ ನಡೆಯುತ್ತದೆ. ಇದಕ್ಕೆ ಲೈವ್ ವ್ಯವಸ್ಥೆ ಎನ್ನುತ್ತಾರೆ. ಬಹಳ ಜನ ಇಲ್ಲಿ ಪರದೆ ಬಂದಿತೆಂದು ಸಂತೋಷಪಟ್ಟು ನೇರವಾಗಿ ಅನುಸ್ಥಾಪನೆಗೆ ಕೈಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವೈಫೈಗೆ ಸಂಪರ್ಕ ಹೊಂದಿ ಒಂದು ವಿಡಿಯೋ ನೋಡಿ, ಸ್ಪೀಕರಿನಲ್ಲೂ ಇಯರ್‌ಫೋನಿನಲ್ಲೂ ಧ್ವನಿ ಕೇಳಿಸುತ್ತದೆಯೇ ಎಂದು ಗಮನಿಸಿ, ಮೈಕಿನಲ್ಲಿ ಮಾತಾಡಿ ದಾಖಲಿಸಿ, ಕ್ಯಾಮೆರಾ ತೆರೆಯಿರಿ, ಪರದೆಯ ಬೆಳಕನ್ನು ಕೀಲಿಗಳಿಂದಲೇ ಏರಿಳಿಸಿ, ಬ್ಲೂಟೂತ್ ಜೋಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆಯಿರಿ. ನಿದ್ರೆಯಿಂದ ಎದ್ದ ಮೇಲೂ ಪರದೆ, ವೈಫೈ, ಧ್ವನಿ ಮೂರೂ ಮರಳಿ ಬರಬೇಕು. ಬೆರಳಚ್ಚು ಓದುವ ಸಾಧನ ನಡೆಯದಿದ್ದರೆ ಅದರ ಹಿಂದೆ ಬಿದ್ದು ಕಾಲ ಕಳೆಯುವುದು ಬೇಡ, ಹಲವು ತಯಾರಕರು ಅವುಗಳ ವಿವರವನ್ನೇ ಬಹಿರಂಗಪಡಿಸಿಲ್ಲ.

ವೈಫೈ ಕಾಣಿಸಲೇ ಇಲ್ಲ ಎಂದಿಟ್ಟುಕೊಳ್ಳೋಣ. ಹೊಸಬರು ಅತಿ ಹೆಚ್ಚು ಎದೆಗುಂದುವುದು ಇಲ್ಲೇ, ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೊದಲು ನಿಮ್ಮ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಮೊಬೈಲಿನ ಅಂತರಜಾಲವನ್ನು ಕಂಪ್ಯೂಟರಿಗೆ ಹಂಚುವ ಟೆದರಿಂಗ್ ಚಾಲೂ ಮಾಡಿ. ಸಾಮಾನ್ಯವಾಗಿ ತಕ್ಷಣವೇ ಅಂತರಜಾಲ ಬರುತ್ತದೆ, ಮುಂದಿನ ಕೆಲಸಕ್ಕೆ ಅಷ್ಟು ಸಾಕು. ಆಮೇಲೆ ಆಜ್ಞೆಗಳನ್ನು ಬರೆಯುವ ಟರ್ಮಿನಲ್ ಕಿಟಕಿಯನ್ನು ತೆರೆದು ಎಲ್, ಎಸ್, ಪಿ, ಸಿ, ಐ ಎಂಬ ಐದು ಅಕ್ಷರಗಳನ್ನು ಸಣ್ಣಕ್ಷರದಲ್ಲಿ ಒತ್ತಾಗಿ ಬರೆದು, ಒಂದು ಜಾಗ ಬಿಟ್ಟು, ಹೈಫನ್ ಎಂಬ ಸಣ್ಣ ಅಡ್ಡಗೆರೆ ಹಾಕಿ, ಅದಕ್ಕೆ ಅಂಟಿದಂತೆ ಎನ್, ಎನ್, ಕೆ ಎಂಬ ಮೂರು ಅಕ್ಷರಗಳನ್ನು ಬರೆದು ಎಂಟರ್ ಒತ್ತಿ. ಕಂಪ್ಯೂಟರಿನೊಳಗಿನ ಸಾಧನಗಳ ಪಟ್ಟಿ ಬರುತ್ತದೆ. ಅದರಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಸಾಲನ್ನು ಹುಡುಕಿ. ಆ ಸಾಲಿನಲ್ಲಿ ಚಿಪ್ಪು ತಯಾರಿಸಿದವರ ಹೆಸರೂ, ಚೌಕ ಆವರಣದೊಳಗೆ ನಾಲ್ಕು ಅಂಕಿಗಳು, ಒಂದು ಕೋಲನ್, ಮತ್ತೆ ನಾಲ್ಕು ಅಂಕಿಗಳಿರುವ ಒಂದು ಗುರುತೂ ಇರುತ್ತವೆ; ಕೆಲವು ಅಂಕಿಗಳ ಜಾಗದಲ್ಲಿ ಅಕ್ಷರಗಳೂ ಬರಬಹುದು. ಲ್ಯಾಪ್‌ಟಾಪಿನ ಮೇಲೆ ಅಂಟಿಸಿರುವ ಮಾದರಿ ಸಂಖ್ಯೆಗಿಂತ ಈ ಎಂಟು ಅಂಕಿಗಳೇ ನಂಬಲರ್ಹ, ಏಕೆಂದರೆ ಒಂದೇ ಮಾದರಿಯ ಹೆಸರಿನಲ್ಲಿ ಬೇರೆ ಬೇರೆ ಚಿಪ್ಪುಗಳು ಮಾರಾಟವಾಗುವುದುಂಟು.

ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇದೆಯೇ ಇಲ್ಲವೇ ಎಂಬುದರಿಂದ ಮುಂದಿನ ದಾರಿ ಗೊತ್ತಾಗುತ್ತದೆ. ಆ ಸಾಲು ಇಲ್ಲದಿದ್ದರೆ ಸಾಮಾನ್ಯವಾಗಿ ಕರ್ನಲ್‌ಗೆ ಆ ಚಿಪ್ಪಿನ ಪರಿಚಯವೇ ಇಲ್ಲ ಎಂದರ್ಥ. ಹೊಸ ಕರ್ನಲ್ ಇರುವ ಆವೃತ್ತಿಯನ್ನು ಪೆನ್‌ಡ್ರೈವಿನಿಂದ ನಡೆಸಿ ನೋಡಬೇಕು. ಬ್ರಾಡ್‌ಕಾಮ್‌ನ ಕೆಲವು ಚಿಪ್ಪುಗಳು ಇದಕ್ಕೆ ಅಪವಾದ. ಅವುಗಳ ಡ್ರೈವರ್ ಮುಕ್ತವಲ್ಲದ್ದರಿಂದ ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್, ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್ ಎಂಬ ಸಾಧನದ ಮೂಲಕ ಬೇರೆಯಾಗಿ ಹಾಕಿಕೊಳ್ಳಬೇಕು. ಮಿಂಟ್‌ನಲ್ಲಂತೂ ಅಂತರಜಾಲ ಇಲ್ಲದಿದ್ದರೂ ಅನುಸ್ಥಾಪನೆಗೆ ಬಳಸಿದ ಪೆನ್‌ಡ್ರೈವಿನಿಂದಲೇ ಅದನ್ನು ಪಡೆಯುವ ಅನುಕೂಲವಿದೆ. ಡ್ರೈವರ್ ಹೆಸರು ಕಾಣುತ್ತಿದ್ದರೂ ವೈಫೈ ಇಲ್ಲವೆಂದರೆ ಡಿಮೆಸೇಜ್ ಆಜ್ಞೆ, ಅಂದರೆ ಡಿ, ಎಂ, ಇ, ಎಸ್, ಜಿ, ತೋರಿಸುವ ಕರ್ನಲ್ ಸಂದೇಶಗಳಲ್ಲಿ ‘ಫರ್ಮ್‌ವೇರ್’ ಎಂಬ ಪದವನ್ನು ಹುಡುಕಿ. ಯಾವ ಕಡತ ಸಿಗಲಿಲ್ಲ ಎಂಬುದನ್ನು ಕರ್ನಲ್ ಅದರ ಪೂರ್ಣ ಹೆಸರಿನ ಸಮೇತ ಅಲ್ಲಿ ಬರೆದಿರುತ್ತದೆ. ಇವೆರಡೂ ಸರಿಯಿದ್ದರೆ ಕೊನೆಯ ಅನುಮಾನ ಆರ್‌ಎಫ್‌ಕಿಲ್: ಕೀಲಿಮಣೆಯ ವಿಮಾನದ ಚಿತ್ರವುಳ್ಳ ಕೀಲಿಯೋ, ಪಕ್ಕದ ಸಣ್ಣ ಸ್ವಿಚ್ಚೋ ವೈಫೈ ರೇಡಿಯೋವನ್ನು ನಿಲ್ಲಿಸಿಟ್ಟಿರಬಹುದು. ಇಂಟೆಲ್ ಚಿಪ್ಪುಗಳಲ್ಲಿ ಇಷ್ಟು ದೂರ ಹೋಗಬೇಕಾಗುವುದು ಕಡಿಮೆ.

ಪರದೆಯ ವಿಷಯಕ್ಕೆ ಬಂದರೆ ಇಂಟೆಲ್ ಮತ್ತು ಎಎಮ್‌ಡಿ ಗ್ರಾಫಿಕ್ಸ್‌ಗೆ ಏನನ್ನೂ ಸೇರಿಸಬೇಕಾಗಿಲ್ಲ, ಅವುಗಳ ಮುಕ್ತ ಡ್ರೈವರುಗಳು ಕರ್ನಲ್ ಮತ್ತು ಮೆಸಾ ಎಂಬ ಗ್ರಾಫಿಕ್ಸ್ ತಂತ್ರಾಂಶ ಸಂಗ್ರಹದಲ್ಲೇ ಇವೆ. ಎನ್‌ವಿಡಿಯಾ ಕಾರ್ಡಿಗೆ ನೂವೋ ಎಂಬ ಮುಕ್ತ ಡ್ರೈವರ್ ಇದ್ದರೂ ಪೂರ್ಣ ವೇಗ ಬೇಕೆಂದರೆ ಆ ಕಂಪನಿಯದೇ ಡ್ರೈವರ್ ಬೇಕು, ಮತ್ತು ಅದನ್ನು ಕಂಪನಿಯ ಜಾಲತಾಣದಿಂದಲ್ಲ, ನಿಮ್ಮ ವಿತರಣೆಯ ಭಂಡಾರದಿಂದಲೇ ಪಡೆಯಬೇಕು. ಹೊರಗಿನಿಂದ ತಂದು ಕೈಯಾರೆ ಹಾಕಿದ ಡ್ರೈವರ್, ಮುಂದಿನ ಕರ್ನಲ್ ಬಂದ ದಿನ ಪರದೆಯನ್ನು ಕಪ್ಪಾಗಿಸಿ ಕೂರುವ ಸಂಭವ ಹೆಚ್ಚು. ಒಪ್ಪಿಗೆಯಿಲ್ಲದ ತಂತ್ರಾಂಶವನ್ನು ಆರಂಭದಲ್ಲೇ ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರದಲ್ಲಿ ಇಂಥ ಡ್ರೈವರ್ ಹಾಕುವಾಗ ಕೆಲವೊಮ್ಮೆ ಒಂದು ಗುಪ್ತಪದವನ್ನು ಆರಿಸಲು ಕೇಳಲಾಗುತ್ತದೆ. ಮರುಪ್ರಾರಂಭದ ಹೊತ್ತಿನಲ್ಲಿ ನೀಲಿ ಪರದೆಯೊಂದು ಕೆಲವೇ ಸೆಕೆಂಡು ಕಾಣಿಸಿಕೊಳ್ಳುತ್ತದೆ. ಅಲ್ಲಿ ಯಾವುದಾದರೂ ಕೀಲಿ ಒತ್ತಿ, ‘ಎನ್‌ರೋಲ್ ಎಂಒಕೆ’ ಆಯ್ಕೆಮಾಡಿ, ಅದೇ ಗುಪ್ತಪದ ಕೊಟ್ಟರೆ ಮಾತ್ರ ಡ್ರೈವರಿಗೆ ಒಪ್ಪಿಗೆ ಸಿಗುತ್ತದೆ. ಆ ಪರದೆಯನ್ನು ದೋಷವೆಂದು ಭಾವಿಸಿ ಸುಮ್ಮನೆ ಬಿಟ್ಟವರು, ಡ್ರೈವರ್ ಹಾಕಿದರೂ ನಡೆಯುತ್ತಿಲ್ಲವೆಂದು ಪರದಾಡುತ್ತಾರೆ.

ಮುದ್ರಕಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಏರ್‌ಪ್ರಿಂಟ್ ಬೆಂಬಲವಿರುವ ಮುದ್ರಕ ಒಂದೇ ಜಾಲದಲ್ಲಿದ್ದರೆ ಬಹುತೇಕ ತಾನಾಗಿಯೇ ಕಾಣಿಸಿಕೊಳ್ಳುತ್ತದೆ, ಪ್ರತ್ಯೇಕ ಡ್ರೈವರ್ ಬೇಕಿಲ್ಲ.

ವಿಂಡೋಸನ್ನು ಉಳಿಸಿಕೊಂಡೇ ಪಕ್ಕದಲ್ಲಿ ಲಿನಕ್ಸ್ ಹಾಕುವವರು ಅನುಸ್ಥಾಪನೆಗೆ ಮುನ್ನ ತಮ್ಮ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಬೇಕು, ವಿಂಡೋಸ್ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ಮರುಪಡೆಯುವ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ನಿಲ್ಲಿಸಬೇಕು. ಅನುಸ್ಥಾಪಕದಲ್ಲಿ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಹೊಂದಿಕೆಗಳಲ್ಲಿ, ಡಿಸ್ಕನ್ನು ನಿರ್ವಹಿಸುವ ಇಂಟೆಲ್ ಆರ್‌ಎಸ್‌ಟಿ ವಿಧಾನ ಚಾಲೂ ಇರುವ ಸಾಧ್ಯತೆ ಹೆಚ್ಚು. ಆದರೆ ವಿಂಡೋಸನ್ನು ಸಿದ್ಧಪಡಿಸದೆ ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನಕ್ಕೆ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು, ಹಾಗಾಗಿ ಆ ಬದಲಾವಣೆಯ ಕ್ರಮವನ್ನು ಪೂರ್ತಿ ಓದಿಕೊಂಡೇ ಮುಂದುವರಿಯಿರಿ. ಮಿಂಟ್, ಉಬುಂಟು, ಫೆಡೋರಾ, ಡೆಬಿಯನ್ ನಾಲ್ಕೂ ಸೆಕ್ಯೂರ್ ಬೂಟ್‌ನೊಂದಿಗೆ ನಡೆಯುವುದರಿಂದ ಅದನ್ನು ನಿಲ್ಲಿಸಿಯೇ ತೀರಬೇಕೆಂಬ ಹಳೆಯ ಸಲಹೆಯನ್ನು ಪಾಲಿಸಬೇಕಾಗಿಲ್ಲ.

ಎಲ್ಲವೂ ಸರಿಯಾಗಿ ನಡೆಯುತ್ತಿದ್ದಾಗ ಮುಂದೆಂದೋ ಒಂದು ಕರ್ನಲ್ ನವೀಕರಣದ ಮರುದಿನ ಧ್ವನಿಯೋ ವೈಫೈಯೋ ಮಾಯವಾದರೆ ಮರುಅನುಸ್ಥಾಪನೆಗೆ ಧಾವಿಸಬೇಡಿ. ಹಿಂದಿನ ಕರ್ನಲ್ ಸಾಮಾನ್ಯವಾಗಿ ಇನ್ನೂ ಡಿಸ್ಕಿನಲ್ಲೇ ಇರುತ್ತದೆ. ಉಬುಂಟು ಮತ್ತು ಮಿಂಟ್‌ನಲ್ಲಿ, ಕಂಪ್ಯೂಟರ್ ಆರಂಭವಾಗುವಾಗ ಎಸ್ಕೇಪ್ ಅಥವಾ ಶಿಫ್ಟ್ ಕೀಲಿಯಿಂದ ಯಾವುದನ್ನು ಆರಂಭಿಸಬೇಕೆಂದು ಕೇಳುವ ಗ್ರಬ್ ಪಟ್ಟಿಯನ್ನು ತೆರೆದು, ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬಲ್ಲಿ ಹಳೆಯ ಸಂಖ್ಯೆಯುಳ್ಳ ಕರ್ನಲ್ ಆರಿಸಿಕೊಳ್ಳಿ. ಅದರಲ್ಲಿ ಎಲ್ಲವೂ ಮೊದಲಿನಂತೆ ನಡೆದರೆ ದೋಷ ಹೊಸ ಕರ್ನಲ್‌ನಲ್ಲಿದೆ ಎಂಬುದು ಖಚಿತವಾದಂತೆ. ತಿದ್ದುಪಡಿ ಬರುವವರೆಗೆ ಹಳೆಯದರಲ್ಲೇ ಕೆಲಸ ಮುಂದುವರಿಸಿ, ನಡೆಯುವ ಮತ್ತು ನಡೆಯದ ಎರಡೂ ಕರ್ನಲ್‌ಗಳ ಸಂಖ್ಯೆಯನ್ನು ಆ ಎಂಟು ಅಂಕಿಗಳ ಗುರುತಿನೊಂದಿಗೆ ನಿಮ್ಮ ವಿತರಣೆಯ ದೋಷ ವರದಿ ವ್ಯವಸ್ಥೆಯಲ್ಲಿ ದಾಖಲಿಸಿ.