ಪರ್ಲ್ ಮಾಡ್ಯೂಲ್‌ನ ಡೆಬ್ ಮಾಡೋದು: ಟೂಲ್ ಎಲ್ಲಿ ಕೈಬಿಡುತ್ತೆ?

[ತೆರೆಯ ಮೇಲೆ: ಟರ್ಮಿನಲ್, ಪಿಪ್ ಎರರ್]

ನಮಸ್ಕಾರ. 2023ರಲ್ಲಿ ಬಂದ ಡೆಬಿಯನ್ 12 ಅನ್ನೋ ಲಿನಕ್ಸ್ ಹಾಕಿಕೊಂಡವರಿಗೆ ಈ ಎರರ್ ಚೆನ್ನಾಗಿ ಗೊತ್ತು. ಪಿಪ್ ಅಂದ್ರೆ ಪೈಥಾನ್ ಮಾಡ್ಯೂಲ್ ಹಾಕೋ ಟೂಲು. ಪಿಪ್ ಇನ್‌ಸ್ಟಾಲ್ ಅಂದ ಕೂಡಲೇ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅಂತ ತಡೆದುಬಿಡುತ್ತೆ. ಸಿಸ್ಟಂ ಪೈಥಾನ್ ನೋಡಿಕೊಳ್ಳೋದು ಡೆಬಿಯನ್‌ನ ಪ್ಯಾಕೇಜ್ ಮ್ಯಾನೇಜರ್ ಆಪ್ಟ್. ಪಿಪ್ ನಡುವೆ ಕೈಹಾಕಿದರೆ ಆಪ್ಟ್‌ಗೆ ಲೆಕ್ಕ ತಪ್ಪುತ್ತೆ. ನಿಮ್ಮ ಲ್ಯಾಪ್‌ಟಾಪಿಗಾದರೆ ವರ್ಚುವಲ್ ಎನ್ವಿರಾನ್ಮೆಂಟ್ (ಸಿಸ್ಟಂ ಪೈಥಾನ್ ಮುಟ್ಟದ ಬೇರೆ ಜಾಗ) ಸಾಕು. ಆದರೆ ಬೆಂಗಳೂರಿನ ಬೆಳ್ಳಂದೂರಲ್ಲಿ ಒಂದು ಆಫೀಸು, ಇಂಟರ್‌ನೆಟ್ಟೇ ಇಲ್ಲದ ಸರ್ವರ್‌ಗಳ ಸಾಲು ಅಂತಿಟ್ಕೊಳ್ಳಿ. ಅಲ್ಲಿ ಮಾಡ್ಯೂಲನ್ನೇ ಡೆಬ್ (ಆಪ್ಟ್ ಹಾಕಬಲ್ಲ ಪ್ಯಾಕೇಜ್) ಮಾಡಿ ಲೋಕಲ್ ರೆಪೊಗೆ, ಅಂದ್ರೆ ಆಫೀಸಿನದೇ ಪ್ಯಾಕೇಜ್ ಭಂಡಾರಕ್ಕೆ, ಹಾಕೋದು ವಾಸಿ.

ಒಂದೊಂದನ್ನೂ ಕೈಯಲ್ಲಿ ಮಾಡ್ತಾ ಕೂರೋರು ಯಾರು? ರೂಬಿಗೆ ಜೆಮ್2ಡೆಬ್ ಇದೆ, ರಸ್ಟ್‌ಗೆ ಡೆಬ್‌ಕಾರ್ಗೋ, ಪರ್ಲ್‌ಗೆ ಡಿಎಚ್-ಮೇಕ್-ಪರ್ಲ್. ನಾನು ಪರ್ಲ್ ತಗೋತೀನಿ. ಹಳೇದು ಅಂತ ಮೂಗು ಮುರೀಬೇಡಿ, 1995ರಿಂದ ನಡೆದುಬಂದ ಸಿಪ್ಯಾನ್ ಅನ್ನೋ ಪರ್ಲ್ ಮಾಡ್ಯೂಲ್ ಭಂಡಾರದಲ್ಲಿ ಶಿಸ್ತು ಜಾಸ್ತಿ.

[ಕಮಾಂಡ್: ಡಿಎಚ್-ಮೇಕ್-ಪರ್ಲ್ ಮೇಕ್ --ಸಿಪ್ಯಾನ್ ಜಿಡಿ]

ಜಿಡಿ ಅಂದ್ರೆ ಚಿತ್ರ ಬಿಡಿಸೋ ಮಾಡ್ಯೂಲ್. ಟೂಲು ಟಾರ್‌ಬಾಲ್ (ಸೋರ್ಸ್‌ನ ಗಂಟು) ಇಳಿಸಿ, ಮಾಡ್ಯೂಲಿನ ವಿವರ ಇರೋ ಮೆಟಾ ಫೈಲ್ ಓದಿ, ಲಿಬ್‌ಜಿಡಿ-ಪರ್ಲ್ ಅಂತ ಹೆಸರಿಟ್ಟು, ಡೆಬಿಯನ್ ಫೋಲ್ಡರ್ ಒಳಗೆ ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್, ಕಾಪಿರೈಟ್ ಎಲ್ಲ ಬರೆದಿಡುತ್ತೆ. ಬೇಕಾದ ಬೇರೆ ಪರ್ಲ್ ಮಾಡ್ಯೂಲ್ ಯಾವ ಡೆಬ್‌ನಲ್ಲಿದೆ ಅಂತ ಆಪ್ಟ್-ಫೈಲ್ ನೆರವಿಂದ ಹುಡುಕುತ್ತೆ.

ಈಗ ಬಿಲ್ಡ್ ಕೊಡಿ. ಢಮಾರ್! ಲಿಬ್‌ಜಿಡಿ ಸಿಗಲಿಲ್ಲವಂತೆ. ಅದು ಜಿಡಿ ಮಾಡ್ಯೂಲ್‌ಗೆ ಬೇಕಾದ ಸಿ ಲೈಬ್ರರಿ. ಮೆಟಾ ಫೈಲಿನ ಡಿಪೆಂಡೆನ್ಸಿ ಪಟ್ಟಿಯಲ್ಲಿ ಬರೋದು ಪರ್ಲ್ ಮಾಡ್ಯೂಲ್‌ಗಳು ಮಾತ್ರ, ಟೂಲು ಪಾಪ ಏನು ಮಾಡೀತು? ಕಂಟ್ರೋಲ್ ಫೈಲ್ ತೆರೆದು, ಬಿಲ್ಡ್-ಡಿಪೆಂಡ್ಸ್ ಸಾಲಿಗೆ ಲಿಬ್‌ಜಿಡಿ-ಡೆವ್ ಅಂತ ನೀವೇ ಸೇರಿಸಿ, ಮತ್ತೆ ಬಿಲ್ಡ್ ಹಾಕಿ. ಅದು ಓಡೋ ಹೊತ್ತಿಗೆ ಕೆಳಗಿಳಿದು ಬೈಟೂ ಕಾಫಿ ಮುಗಿಸಿ ಬರಬಹುದು.

ಇದು ಪರ್ಲ್ ಕಥೆ; ಪೈಥಾನ್‌ನಲ್ಲಾದರೆ ಡೆಬ್‌ನ ಹೆಸರಿನದೇ ತಲೆನೋವು. ಡೆಬಿಯನ್‌ನಲ್ಲಿ ಇಂಪೋರ್ಟ್ ಮಾಡೋ ಹೆಸರಿಗೇ ಮರ್ಯಾದೆ, ಹಾಗಾಗಿ ಪಿಲ್ಲೋ ಅಲ್ಲಿ ಪೈಥಾನ್3-ಪಿಐಎಲ್, ಪೈಯಾಮಲ್ ಪೈಥಾನ್3-ಯಾಮಲ್.

ಕಾಪಿರೈಟ್ ಫೈಲನ್ನಂತೂ ಟೂಲಿನ ಮೇಲೆ ಭಾರ ಹಾಕಿ ಸುಮ್ಮನಾಗಬೇಡಿ. ಎಷ್ಟೋ ಮಾಡ್ಯೂಲ್‌ಗಳ ಒಳಗೆ ಇನ್ಯಾರೋ ಬರೆದ ಸಿ ಫೈಲು ಬೇರೆ ಲೈಸೆನ್ಸ್ ಹೊತ್ತು ಕೂತಿರುತ್ತೆ. ಒಂದೊಂದು ಫೈಲಿನ ತಲೆಬರಹ ಓದಲೇಬೇಕು. ನನ್ನ ಕೇಳಿದರೆ ಪ್ಯಾಕೇಜಿಂಗ್‌ನ ನಿಜವಾದ ದುಡಿಮೆ ಇದೇ.

ಆಮೇಲೆ ಪ್ಯಾಕೇಜ್ ಪರೀಕ್ಷಿಸೋ ಲಿಂಟಿಯನ್ ಓಡಿಸಿ, ತಪ್ಪು ತಿದ್ದಿ. ಹೊಸ ಆವೃತ್ತಿ ಬಂತಾ ಅಂತ ನೋಡೋಕೆ ಯುಸ್ಕ್ಯಾನ್ ಇದೆ. ಅಂದಹಾಗೆ ಡೆಬಿಯನ್‌ನವರು ಜಿಡಿಯನ್ನ ಆಗಲೇ ಪ್ಯಾಕ್ ಮಾಡಿದ್ದಾರೆ, ಬೇಕಂತಲೇ ಅದನ್ನ ಆರಿಸಿದೆ. ಆಪ್ಟ್ ಸೋರ್ಸ್ ಲಿಬ್‌ಜಿಡಿ-ಪರ್ಲ್ ಅಂತ ಕೊಟ್ಟು, ಅವರ ಕಂಟ್ರೋಲ್ ಫೈಲನ್ನ ನಿಮ್ಮದರ ಪಕ್ಕ ಇಟ್ಟು ನೋಡಿ. ಏನೇನು ಬಿಟ್ಟುಹೋಗಿತ್ತು ಅಂತ ಕಮೆಂಟಲ್ಲಿ ಬರೀರಿ.