ಒಂದೇ ತಾಮ್ರ, ಎರಡು ರೈಲುಮಾರ್ಗ

ಕೇಳುಗರಿಗೆ ನಮಸ್ಕಾರ.

ಜಾಂಬಿಯಾ ಮತ್ತು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗಡಿಯಲ್ಲಿ ಹರಡಿರುವ ತಾಮ್ರದ ಸೀಮೆಗೆ ಸಮುದ್ರತೀರವಿಲ್ಲ. ಅಲ್ಲಿ ಅಗೆದ ಲೋಹವನ್ನು ಬಂದರಿಗೆ ಮುಟ್ಟಿಸುವ ದಾರಿಗಳಲ್ಲಿ ಎರಡು ರೈಲುಮಾರ್ಗಗಳ ಕಥೆಯನ್ನು ಕೇಳಿದರೆ ಆಫ್ರಿಕದ ಇಂದಿನ ರಾಜಕಾರಣ ಬಹುಮಟ್ಟಿಗೆ ಅರ್ಥವಾಗುತ್ತದೆ.

ಮೊದಲನೆಯದು ಪೂರ್ವಕ್ಕೆ, ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಹೋಗುವ ತಝಾರ ಮಾರ್ಗ. ಬಿಳಿಯರ ಆಡಳಿತದಲ್ಲಿದ್ದ ರೊಡೀಷಿಯಾದ (ಇಂದಿನ ಜಿಂಬಾಬ್ವೆ) ಹಂಗಿನಿಂದ ಪಾರಾಗಲು ಜಾಂಬಿಯಾ ದಾರಿ ಹುಡುಕುತ್ತಿದ್ದಾಗ ಪಶ್ಚಿಮದ ದೇಶಗಳು ಹಣ ಕೊಡಲು ಒಪ್ಪಲಿಲ್ಲ. ಆಗ ಸ್ವತಃ ಬಡದೇಶವಾಗಿದ್ದ ಚೀನಾ ಬಡ್ಡಿಯಿಲ್ಲದ ಸಾಲ ಕೊಟ್ಟು, 1970ರ ದಶಕದಲ್ಲಿ ಸುಮಾರು 1,860 ಕಿಲೋಮೀಟರ್ ಹಳಿ ಹಾಕಿಸಿತು. ಎರಡನೆಯದು ಪಶ್ಚಿಮಕ್ಕೆ, ಅಂಗೋಲಾದ ಲೊಬಿಟೊ ಬಂದರಿಗೆ ಹೋಗುತ್ತದೆ. ಪೋರ್ಚುಗೀಸರ ಕಾಲದ ಈ ಮಾರ್ಗ ಅಂಗೋಲಾದ ಅಂತರ್ಯುದ್ಧದಲ್ಲಿ ಹಾಳಾಗಿತ್ತು. ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ಇಂದು ಬೆಂಬಲಿಸುತ್ತಿರುವುದು ಇದನ್ನೇ, ಅಂದಿನ ಅಮೆರಿಕದ ಅಧ್ಯಕ್ಷ ಬೈಡನ್ ಅವರು 2024ರ ಡಿಸೆಂಬರಿನಲ್ಲಿ ಅಂಗೋಲಾಕ್ಕೆ ಹೋದದ್ದೂ ಮುಖ್ಯವಾಗಿ ಇದರ ಸಲುವಾಗಿಯೇ. ಯುದ್ಧಾನಂತರ ಈ ಹಳಿಗಳನ್ನು ಮತ್ತೆ ಹಾಕಿಕೊಟ್ಟದ್ದು ಚೀನಾದ ಕಂಪನಿ ಎಂಬುದನ್ನು ಮಾತ್ರ ಅಲ್ಲಿ ಯಾರೂ ಒತ್ತಿ ಹೇಳುವುದಿಲ್ಲ.

ಜಾಂಬಿಯಾ ಈ ಎರಡೂ ಮಾರ್ಗಗಳ ಒಪ್ಪಂದಗಳಿಗೆ ಸಹಿ ಹಾಕಿದೆ. ಇದನ್ನು ಇಬ್ಬಗೆಯ ನೀತಿ ಎನ್ನುವವರಿದ್ದಾರೆ. ನನಗೆ ಇದು ಚೌಕಾಸಿಯ ಜಾಣತನವಾಗಿ ಕಾಣುತ್ತದೆ. 1884ರಲ್ಲಿ ಬರ್ಲಿನ್ನಿನಲ್ಲಿ ಐರೋಪ್ಯರು ಈ ಖಂಡವನ್ನು ಹಂಚಿಕೊಳ್ಳುವ ನಿಯಮಗಳನ್ನು ಬರೆಯುವಾಗ ಆಫ್ರಿಕದ ಒಬ್ಬ ಪ್ರತಿನಿಧಿಯೂ ಅಲ್ಲಿರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ದೆಹಲಿಯ ಶೃಂಗಸಭೆಯಲ್ಲಿ 55 ಸದಸ್ಯರ ಆಫ್ರಿಕನ್ ಒಕ್ಕೂಟಕ್ಕೆ ಜಿ-20ರ ಕಾಯಂ ಸದಸ್ಯತ್ವ ದೊರೆಯಿತು. ಅದಕ್ಕೂ ಮೊದಲೇ, 2022ರ ಮಾರ್ಚಿನಲ್ಲಿ ಉಕ್ರೇನ್ ಕುರಿತ ವಿಶ್ವಸಂಸ್ಥೆಯ ನಿರ್ಣಯಕ್ಕೆ ಮತ ಹಾಕದೆ ಆಫ್ರಿಕದ 17 ದೇಶಗಳು ತಟಸ್ಥವಾಗಿ ಉಳಿದಿದ್ದವು. ಭದ್ರತಾ ಮಂಡಳಿಯಲ್ಲಿ ಮಾತ್ರ ಇಡೀ ಖಂಡಕ್ಕೆ ಇಂದಿಗೂ ಒಂದು ಕಾಯಂ ಸ್ಥಾನವಿಲ್ಲ.

ಆದರೆ ಸ್ಥಾನಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇದೆ. ಪೂರ್ವದ ಹಳಿಯಾಗಲಿ ಪಶ್ಚಿಮದ ಹಳಿಯಾಗಲಿ, ಲೋಹ ಸಾಗುವುದು ಬಂದರಿನ ಕಡೆಗೇ. ಬ್ಯಾಟರಿಗಳಿಗೆ ಬೇಕಾಗುವ ಲೋಹವಾದ ಕೋಬಾಲ್ಟ್ ಜಗತ್ತಿನ ಗಣಿಗಳಿಂದ ಹೊರಬರುವುದರಲ್ಲಿ ಸುಮಾರು 70 ಶೇಕಡಾ ಕಾಂಗೋದ್ದು, ಆದರೆ ಅದರ ಬಹುಪಾಲು ಶುದ್ಧೀಕರಣಗೊಳ್ಳುವುದು ಚೀನಾದಲ್ಲಿ. ಇದನ್ನು ಬದಲಿಸಬೇಕೆಂದೇ ಜಿಂಬಾಬ್ವೆ 2022ರಲ್ಲಿ ಲಿಥಿಯಂ ಅದಿರನ್ನು ಕಚ್ಚಾ ರೂಪದಲ್ಲಿ ರಫ್ತು ಮಾಡುವುದನ್ನು ನಿಷೇಧಿಸಿತು. ಹೀಗೆ ನಿಷೇಧಿಸುವುದು ಸುಲಭ. ಸಂಸ್ಕರಣಾ ಘಟಕಕ್ಕೆ ಬೇಕಾದ ವಿದ್ಯುತ್ತನ್ನು ಎಡೆಬಿಡದೆ ಒದಗಿಸುವುದು ಕಷ್ಟ. 2024ರ ಬರಗಾಲದಲ್ಲಿ ಜಲವಿದ್ಯುತ್ತಿನ ಮೂಲವಾದ ಕರೀಬಾ ಜಲಾಶಯ ಬತ್ತಿ ಜಾಂಬಿಯಾ ಕತ್ತಲಲ್ಲಿ ಮುಳುಗಿದ್ದು ಈ ಕಷ್ಟ ಎಷ್ಟೆಂಬುದನ್ನು ತೋರಿಸಿತು.

ಈ ಲೆಕ್ಕಾಚಾರ ನಮ್ಮ ಕರಾವಳಿಗೂ ತಾಗುತ್ತದೆ. ಮಂಗಳೂರಿನ ಗೇರುಬೀಜ ಕಾರ್ಖಾನೆಗಳು ಬಹುಕಾಲದಿಂದ ಆಫ್ರಿಕದ ಕಚ್ಚಾ ಬೀಜವನ್ನು ತರಿಸಿ, ಸುಲಿದು, ತಿರುಳು ಮಾರುತ್ತಾ ಬಂದಿವೆ. ಆ ಸುಲಿಯುವ ಕೆಲಸ ತಮ್ಮಲ್ಲೇ ನಡೆಯಲಿ ಎಂದು ಪಶ್ಚಿಮ ಆಫ್ರಿಕದ ದೇಶಗಳು ಈಗ ಪಟ್ಟು ಹಿಡಿದಿವೆ.